ವಾಸಿಯಾದವನು

ಜೈಲಿನ ವ್ಯಾನು ಬಂದು ನಿಂತು ಎಷ್ಟೋ ಹೊತ್ತಾಗಿತ್ತು. ಅದರ ಹಿಂಬಾಗಿಲನ್ನು ಇನ್ನೂ ಯಾರೂ ತೆಗೆದಿರಲಿಲ್ಲ. ಅಂಗಳದ ಬಿಸಿಲು ತಗಡಿನ ಮೈಗೆ ಬಡಿದು ವಾರ್ಡಿನ ಕಿಟಕಿಗೆ ರಾಚುತ್ತಿತ್ತು. ಒಳಗಿನಿಂದ ಸದ್ದೇ ಇಲ್ಲ. ಸದ್ದು ಬಂದಿದ್ದರೆ ವಾಸಿಯಿತ್ತು ಎಂದು ಹೆಡ್ ಸಿಸ್ಟರಿಗೆ ಅನ್ನಿಸಿತು. ಕೂಗಾಡುವವರೆಂದರೆ ಅವಳಿಗೆ ಹೆದರಿಕೆಯಿರಲಿಲ್ಲ. ಅವರು ಎಲ್ಲಿದ್ದಾರೆ, ಯಾವ ಕಡೆ ತಿರುಗಿದ್ದಾರೆ ಎನ್ನುವುದು ಕೂಗಿನಿಂದಲೇ ಗೊತ್ತಾಗಿಬಿಡುತ್ತಿತ್ತು.

"ನಾವಂತೂ ಅವನನ್ನ ಒಳಗೆ ಬಿಟ್ಕೊಳ್ಳಲ್ಲ, ಸಿಸ್ಟರ್," ಎಂದಳು ಬೆನ್ನ ಹಿಂದೆ ನಿಂತಿದ್ದ ಇಬ್ಬರು ಎಳೆಯ ನರ್ಸುಗಳಲ್ಲಿ ಒಬ್ಬಳು. "ಬೇಕಾದ್ರೆ ನಮ್ಮನ್ನ ಹೆರಿಗೆ ವಾರ್ಡಿಗೆ ಹಾಕಿ. ಎಷ್ಟು ಹೊತ್ತಾದ್ರೂ ದುಡೀತೀವಿ. ಇದೊಂದು ಬೇಡ."

"ಬಿಟ್ಕೋತೀನಿ ಅಂತ ಯಾರಂದ್ರು ಈಗ? ಹೋಗಿ, ಮಾತ್ರೆ ಕೊಡೋ ಹೊತ್ತಾಯ್ತು."

ಹುಡುಗಿಯರು ಹೋದರು, ಆದರೆ ಹೋಗುತ್ತಲೂ ಕಿಟಕಿಯ ಕಡೆಗೇ ನೋಡುತ್ತಿದ್ದರು.

ಆ ದೊಡ್ಡ ಆಸ್ಪತ್ರೆಯ ಹಿತ್ತಿಲಲ್ಲಿ, ಶವಾಗಾರಕ್ಕೂ ಬಟ್ಟೆ ಒಗೆಯುವ ಶೆಡ್ಡಿಗೂ ನಡುವೆ ಇದ್ದ ಕಟ್ಟಡಕ್ಕೆ ಎಲ್ಲರೂ ಬೀಗದ ವಾರ್ಡು ಎನ್ನುತ್ತಿದ್ದರು. ತಲೆ ಕೆಟ್ಟ ಹೊತ್ತಿನಲ್ಲಿ ಯಾರನ್ನಾದರೂ ಇರಿದವರು, ಮನೆಗೆ ಬೆಂಕಿ ಹಚ್ಚಿದವರು, ಹೀಗೆ ಕೋರ್ಟು ಕಳಿಸಿದವರೆಲ್ಲ ಅಲ್ಲಿಗೆ ಬರುತ್ತಿದ್ದರು. ವ್ಯಾನಿನೊಳಗಿದ್ದ ದರ್ಜಿಯೂ ಒಮ್ಮೆ ಹಾಗೆಯೇ ಬಂದವನು. ಒಳ್ಳೆಯ ಕೆಲಸಗಾರ ಎಂದು ಹೆಸರು ತೆಗೆದವನು. ಪೇಟೆಯ ಬೀದಿಯಲ್ಲಿ ಮಳಿಗೆ ಹಿಡಿದು ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದ. ಪಕ್ಕದ ಮಳಿಗೆ ಇಸ್ತ್ರಿಯವನದು. ಒಂದೇ ಫ್ಲಾಸ್ಕಿನ ಚಹಾ ಇಬ್ಬರೂ ಹಂಚಿಕೊಂಡು ಕುಡಿದವರು. ಯಾವಾಗಲೋ ದರ್ಜಿಗೆ ನಿದ್ದೆ ತಪ್ಪಿತು. ಆಮೇಲೆ ಒಂದು ಮಾತು ಮೆಲ್ಲಗೆ ಅವನ ತಲೆ ಹೊಕ್ಕಿತು: ಇಸ್ತ್ರಿಯವನು ತನ್ನ ದನಿಯನ್ನು ಕದ್ದು, ಇಸ್ತ್ರಿ ಹಾಕಿ, ಮಡಿಸಿ, ಯಾರು ಯಾರದೋ ಅಂಗಿಯ ಜೇಬಿನಲ್ಲಿಟ್ಟು ಕಳಿಸುತ್ತಿದ್ದಾನೆ ಎಂದು. ಅಕ್ಕನ ಹತ್ತಿರ ಹೇಳಿಕೊಂಡ. ಅಕ್ಕ ತಮಾಷೆ ಮಾಡುತ್ತಿದ್ದಾನೆಂದುಕೊಂಡು ನಕ್ಕುಬಿಟ್ಟಳು. ಅದಾಗಿ ಸ್ವಲ್ಪ ದಿನಕ್ಕೇ ಅವನು ಬಟ್ಟೆ ಕತ್ತರಿಸುವ ಕತ್ತರಿಯಿಂದ ಇಸ್ತ್ರಿಯವನನ್ನು ಕೊಂದ.

ಬೀಗದ ವಾರ್ಡಿಗೆ ಬಂದ ಹೊಸತರಲ್ಲೇ ಅವನು ಸ್ಟೀಲ್ ಲೋಟ ಎತ್ತಿ ಪುಟ್ಟ ಸಿಸ್ಟರಿನ ಮುಖಕ್ಕೆ ಹೊಡೆದಿದ್ದ. ವಾರ್ಡಿನಲ್ಲಿ ಎಲ್ಲರಿಗಿಂತ ಚಿಕ್ಕವಳಾದ್ದರಿಂದ ಅವಳು ಪುಟ್ಟ ಸಿಸ್ಟರು. ಅವಳ ಎಡಗಣ್ಣು ಹೋಯಿತು. ಇಂಥವನನ್ನು ಇಟ್ಟುಕೊಳ್ಳುವುದು ನಮ್ಮ ಕೈಲಾಗದು ಎಂದು ಆಸ್ಪತ್ರೆ ಅವನನ್ನು ಜೈಲಿಗೆ ಸಾಗಹಾಕಿತು. ಜೈಲಿನವರು ಒಂಟಿ ಕೋಣೆಗೆ ತಳ್ಳಿ ಬೀಗ ಜಡಿದರು. ಅಲ್ಲಿ ಅವನು ಅನ್ನ ಬಿಟ್ಟ, ಮಾತು ಬಿಟ್ಟ, ಗೋಡೆಗೆ ಹಣೆ ಚಚ್ಚಿಕೊಳ್ಳಲು ಶುರು ಮಾಡಿದ. ಅಕ್ಕ ವಕೀಲರ ಮನೆ ಬಾಗಿಲಿಗೆ ಅಲೆದು ಅಲೆದು, ಮಂಚ ಖಾಲಿಯಿದ್ದರೆ ಅವನನ್ನು ಮತ್ತೆ ಆಸ್ಪತ್ರೆಗೆ ಸೇರಿಸಿಕೊಳ್ಳಬೇಕೆಂದು ಕಡೆಗೂ ಕೋರ್ಟಿನಿಂದ ಅಪ್ಪಣೆ ತಂದಿದ್ದಳು. ಈಗ ಅವಳು ವ್ಯಾನಿನ ನೆರಳಿನಲ್ಲಿ ಚಪ್ಪಲಿ ಕಳಚಿಟ್ಟು ನೆಲದ ಮೇಲೆ ಕೂತಿದ್ದಳು.

ದೊಡ್ಡ ಡಾಕ್ಟರು ತಮ್ಮ ಕೋಣೆಯಲ್ಲಿ ಫೋನಿನ ಮುಂದೆ ಕೂತಿದ್ದರು. ಕನ್ನಡಕ ತೆಗೆದು ಮೂಗಿನ ಮೇಲಿನ ಗುರುತನ್ನು ಉಜ್ಜಿಕೊಳ್ಳುತ್ತಿದ್ದರು.

"ಮಂಚ ಖಾಲಿ ಇಲ್ಲ ಅಂತ ಹೇಳಿಬಿಡೋಣ ಅಂತಿದ್ದೀನಿ," ಎಂದರು.

"ಎರಡು ಖಾಲಿ ಇವೆ, ಸಾರ್."

"ಅದು ನನಗೆ ಗೊತ್ತಿಲ್ವೇ? ಮಂಚ ಇದೆ, ಮಂಚ ಕಾಯೋ ಜನ ಎಲ್ಲಿದ್ದಾರೆ? ಇರೋನೊಬ್ಬ ಪೈಲ್ವಾನ." ಪೈಲ್ವಾನ ಎಂದರೆ ವಾರ್ಡಿನ ಕಾವಲಿಗಿದ್ದ ಅಟೆಂಡರ್. ಗಾಳಿ ಬೀಸಿದರೆ ಗೋಡೆ ಹಿಡಿದುಕೊಳ್ಳಬೇಕಾದಷ್ಟು ಸಣಕಲಾಗಿದ್ದುದರಿಂದ ಆ ಹೆಸರು ಬಂದಿತ್ತು. "ಇನ್ನೊಂದು ಹುಡುಗಿಗೆ ಏನಾದ್ರೂ ಆದ್ರೆ ಅವರಪ್ಪ ಅಮ್ಮನಿಗೆ ನಾನು ಯಾವ ಮುಖ ತೋರಿಸ್ಲಿ, ಹೇಳಿ. ಹೋದ ಸಲ ಪುಟ್ಟ ಸಿಸ್ಟರಿನ ಅಪ್ಪ ಇಲ್ಲೇ, ಈ ಕುರ್ಚಿ ಮೇಲೇ ಕೂತಿದ್ರು. ಬೈಲಿಲ್ಲ. ಬೈದಿದ್ರೆ ಪರವಾಗಿರಲಿಲ್ಲ."

ಹೆಡ್ ಸಿಸ್ಟರು ಆ ಕುರ್ಚಿಯ ಕಡೆ ನೋಡಿದಳು.

"ಜೈಲಿನವರು ಇವನು ರೋಗಿ ಅಂತಾರೆ. ನಾವು ಇವನು ಕೊಲೆಗಾರ ಅಂತೀವಿ. ಇಬ್ಬರು ಹೇಳೋದೂ ನಿಜವೇ." ಅವರು ಕನ್ನಡಕ ಹಾಕಿಕೊಂಡರು. "ವಾರ್ಡು ನಡೆಸೋರು ನೀವು. ಆಗಲ್ಲ ಅಂತ ನೀವಂದ್ರೆ ನಾನೂ ಆಗಲ್ಲ ಅಂತೀನಿ. ಯೋಚನೆ ಮಾಡಿ ಬನ್ನಿ."

ಯೋಚನೆ ಮಾಡಲು ಅವಳು ಹೋದದ್ದು ಬಟ್ಟೆ ಕೋಣೆಗೆ. ಕಣ್ಣು ಹೋದ ಮೇಲೆ ಪುಟ್ಟ ಸಿಸ್ಟರಿಗೆ ಅಲ್ಲಿ ಕೆಲಸ ಕೊಟ್ಟಿದ್ದರು. ಒಗೆದು ಬಂದ ಹಾಸು ಹೊದಿಕೆಗಳನ್ನು ಮಡಿಸಿ ವಾರ್ಡುವಾರು ಜೋಡಿಸಿಡುವ ಕೆಲಸ. ಕೋಣೆಯ ತುಂಬ ಸೋಡಾಪುಡಿಯ ಬಿಸಿ ವಾಸನೆ. ಹೆಡ್ ಸಿಸ್ಟರು ಯಾವಾಗಿನಂತೆ ಅವಳ ಬಲಗಡೆಗೆ ಬಂದು ನಿಂತಳು. ಎಡಗಡೆಯಿಂದ ಯಾರಾದರೂ ಬಂದರೆ ಆ ಹುಡುಗಿ ಬೆಚ್ಚುತ್ತಿದ್ದಳು.

"ಅವನು ಬಂದಿದ್ದಾನೆ ಕಣೇ."

"ಗೊತ್ತು. ಪೈಲ್ವಾನ ಹೇಳಿ ಹೋದ."

"ನಿನ್ನನ್ನ ಒಂದು ಮಾತು ಕೇಳದೆ ನಾನು ಹೆಂಗೆ..."

"ನನ್ನ ಕೇಳಬೇಡಿ, ಸಿಸ್ಟರ್." ಅವಳು ಹಾಸಿನ ಅಂಚುಗಳನ್ನು ಸರಿಹೊಂದಿಸುತ್ತಲೇ ಇದ್ದಳು. "ನಾನು ಹೂಂ ಅಂದ್ರೆ ಎಷ್ಟು ದೊಡ್ಡ ಮನಸ್ಸು ಅಂತ ಎಲ್ಲಾರೂ ಹೊಗಳ್ತೀರಿ. ಊಹೂಂ ಅಂದ್ರೆ, ಪಾಪ ಅವಳು ಬೇಡ ಅಂದ್ಲು ಅಂತ ನನ್ನ ಹೆಸರು ಹೇಳಿ ಅವನನ್ನ ವಾಪಸ್ ಅಟ್ತೀರಿ. ಎರಡೂ ನಂಗೆ ಬೇಡ. ಕಣ್ಣು ಹೋಗಿದ್ದು ಸಾಲದು ಅಂತ ಇದನ್ನ ಬೇರೆ ಹೊರಲಾ? ಆ ತುದಿ ಹಿಡ್ಕೊಳ್ಳಿ ಸ್ವಲ್ಪ."

ಹೆಡ್ ಸಿಸ್ಟರು ಹಾಸಿನ ತುದಿ ಹಿಡಿದುಕೊಂಡಳು. ಇಬ್ಬರೂ ಎಳೆದು, ಕೊಡವಿ, ಮಡಿಸಿ, ಹತ್ತಿರ ಬಂದು, ಮತ್ತೆ ದೂರ ಹೋದರು. ಆ ರಾಶಿ ಮುಗಿಯುವವರೆಗೆ ಹಾಗೆಯೇ ಮಡಿಸಿದರು.

ಹೆಡ್ ಸಿಸ್ಟರು ಅಲ್ಲಿಂದ ನೇರ ಅಂಗಳಕ್ಕೆ ಬಂದಳು. ಜೈಲಿನ ಜಮಾದಾರ, ಹೊಟ್ಟೆ ಬಂದ ವಯಸ್ಸಾದ ಮನುಷ್ಯ, ವ್ಯಾನಿನ ಮೆಟ್ಟಿಲ ಮೇಲೆ ಕೂತು ಟೋಪಿಯಿಂದ ಗಾಳಿ ಹಾಕಿಕೊಳ್ಳುತ್ತಿದ್ದ.

"ಬೇಗ ಒಂದು ತೀರ್ಮಾನ ಮಾಡಿ ಮೇಡಂ. ನನ್ನ ಕೈಲಿರೋ ಕೀಲಿ ಎಲ್ಲಾ ಕಳ್ಳರಿಗೆ, ಖೂನಿ ಮಾಡಿದೋರಿಗೆ. ಇವನಿಗೆ ಯಾವ ಕೀಲಿ ಹಾಕ್ಬೇಕು ಅಂತ ನಂಗೆ ಇವತ್ತಿಗೂ ಗೊತ್ತಾಗಿಲ್ಲ."

"ಬಾಗಿಲು ತೆಗೀರಿ, ನೋಡ್ತೀನಿ."

"ಹತ್ರ ಹೋಗಬೇಡಿ."

ಬಾಗಿಲು ತೆಗೆದಾಗ ಮೊದಲು ಬಂದದ್ದು ವಾಸನೆ. ಒಳಗಿನ ಕತ್ತಲೆಗೆ ಕಣ್ಣು ಹೊಂದಿಕೊಳ್ಳಲು ಕೊಂಚ ಹೊತ್ತು ಬೇಕಾಯಿತು. ದರ್ಜಿ ಮೂಲೆಯಲ್ಲಿ ಮಂಡಿ ಮಡಚಿ ಕೂತಿದ್ದ. ಒಂದು ಕೈಯನ್ನು ಸೀಟಿನ ಸರಳಿಗೆ ಬಿಗಿದಿದ್ದರು. ಇನ್ನೊಂದು ಕೈಯ ಬೆರಳುಗಳಿಂದ ಅವನು ತನ್ನ ತುಟಿಗಳನ್ನು ಒಟ್ಟಿಗೆ ಹಿಡಿದುಕೊಂಡಿದ್ದ, ಚೀಲದ ಬಾಯಿ ಹಿಡಿದುಕೊಂಡ ಹಾಗೆ. ಎಷ್ಟು ದಿನದಿಂದ ಹಾಗೆ ಹಿಡಿದಿದ್ದನೋ, ಉಗುರು ನಾಟಿ ತುಟಿ ಹುಣ್ಣಾಗಿ ಕೀವು ತುಂಬಿತ್ತು. ಹಣೆಯ ಮೇಲೆ ಗಾಯದ ಮೇಲೆ ಗಾಯ. ಕಣ್ಣುಗಳು ಮಾತ್ರ ಅವಳನ್ನೇ ನೋಡುತ್ತಿದ್ದವು.

"ಹಿಂಗೇ ಹಿಡ್ಕೊಂಡಿರ್ತಾನೆ," ಎಂದಳು ಅಕ್ಕ, ಹಿಂದಿನಿಂದ. "ದನಿ ಆಚೆ ಹೋಗುತ್ತೆ ಅಂತ. ಉಣ್ಣೋಕೂ ಬಾಯಿ ಬಿಡಲ್ಲ." ಅವಳು ಅಳುತ್ತಿರಲಿಲ್ಲ. ಎಲ್ಲಾ ಕಡೆ ಹೇಳಿ ಹೇಳಿ ಸವೆದ ಮಾತಿನಂತೆ ಅದನ್ನು ಹೇಳಿದಳು.

ಹೆಡ್ ಸಿಸ್ಟರು ದೊಡ್ಡ ಡಾಕ್ಟರ ಕೋಣೆಗೆ ಮತ್ತೆ ಹೋಗಲಿಲ್ಲ. ಪೈಲ್ವಾನನನ್ನು ಕರೆದಳು, ಗಾಲಿ ಕುರ್ಚಿ ತರಿಸಿದಳು. ಎಳೆಯ ನರ್ಸುಗಳಿಗೆ, "ನೀವು ಅವನ ಕೋಣೆಗೆ ಕಾಲಿಡೋದು ಬೇಡ. ಸೂಜಿ, ಮಾತ್ರೆ, ಊಟ ಎಲ್ಲಾ ನಾನೇ ನೋಡ್ಕೋತೀನಿ," ಎಂದಳು. ಆದರೂ ಒಬ್ಬಳು ಅದೇ ಸಂಜೆ ವರ್ಗ ಕೇಳಿಕೊಂಡು ಹೋದಳು. ಇನ್ನೊಬ್ಬಳು ಉಳಿದಳು. ಅವಳಿಗೆ ಕೆಲಸ ಮಾಡುವಾಗಲೆಲ್ಲ ಗುನುಗಿಕೊಳ್ಳುವ ಅಭ್ಯಾಸ. ಅಂದು ಮಾತ್ರ ಗುನುಗಲಿಲ್ಲ.

ಹೆಡ್ ಸಿಸ್ಟರು ಮನೆಗೆ ಬಂದಾಗ ಗಂಡ ಡಿಪೋದಿಂದ ಬಂದು ಬಚ್ಚಲಲ್ಲಿ ಕೈಯ ಗ್ರೀಸ್ ತೊಳೆದುಕೊಳ್ಳುತ್ತಿದ್ದ. ಬಸ್ಸುಗಳ ಮೆಕ್ಯಾನಿಕ್ ಅವನು. ಹೆಂಡತಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ತುಂಬ ಹೊತ್ತು ಉಗುರ ಸಂದಿ ತಿಕ್ಕಿದ.

"ಬ್ರೇಕ್ ಹೋದ ಬಸ್ಸನ್ನ ರಸ್ತೆಗೆ ಬಿಡೋ ಹಂಗಿಲ್ಲ ನಮ್ಮಲ್ಲಿ," ಎಂದ ಆಮೇಲೆ.

"ರಿಪೇರಿಗೆ ಅಂತ ತಾನೇ ತಂದಿರೋದು?"

"ರಿಪೇರಿ ಮಾಡೋನು ಬಸ್ಸಿನ ಕೆಳಗೆ ಮಲಗ್ತಾನೆ. ಅದನ್ನೂ ನೆನಪಿಟ್ಕೋ." ಟವೆಲಿನಲ್ಲಿ ಕೈ ಒರೆಸಿಕೊಳ್ಳುತ್ತ ಅವಳ ಮುಖ ನೋಡಿದ. "ನಿನ್ನ ಎರಡು ಕಣ್ಣೂ ನಂಗೆ ಬೇಕು ಮಾರಾಯ್ತಿ. ಅಷ್ಟೇ ನಾನು ಹೇಳೋದು."

ಮೊದಲಿನ ದಿನಗಳು ಕಷ್ಟದವು. ಸೂಜಿ ಹಾಕಲು ಪೈಲ್ವಾನ, ಬಟ್ಟೆ ಒಗೆಯುವ ಶೆಡ್ಡಿನ ಇಬ್ಬರು, ಒಮ್ಮೊಮ್ಮೆ ಶವಾಗಾರದ ಕಾವಲುಗಾರ ಕೂಡ ಬರಬೇಕಾಗುತ್ತಿತ್ತು. ದರ್ಜಿಯ ಮೈಯಲ್ಲಿ ಮೂಳೆ ಬಿಟ್ಟರೆ ಏನೂ ಉಳಿದಿರಲಿಲ್ಲ, ಆದರೂ ಆ ಮೂಳೆಗಳಿಗೆ ಎಲ್ಲಿಂದಲೋ ಬಲ ಬರುತ್ತಿತ್ತು. ಒಂದು ಸಲ ಹೆಡ್ ಸಿಸ್ಟರಿನ ಮಣಿಕಟ್ಟು ಅವನ ಹಿಡಿತಕ್ಕೆ ಸಿಕ್ಕಿ ಊದಿಕೊಂಡಿತು. ಅವಳು ಮನೆಯಲ್ಲಿ ಬಾಗಿಲಿಗೆ ಸಿಕ್ಕಿತು ಎಂದಳು. ಗಂಡ ನಂಬಲಿಲ್ಲ, ನಂಬದ್ದನ್ನು ಬಾಯಿಬಿಟ್ಟು ಹೇಳಲೂ ಇಲ್ಲ.

ಆಮೇಲೆ ಒಂದು ಬೆಳಿಗ್ಗೆ ಅವಳು ಗಂಜಿಯ ಬಟ್ಟಲು ಹಿಡಿದು ಒಳಹೋದಾಗ ಅವನ ಕೈ ತುಟಿಯ ಮೇಲಿರಲಿಲ್ಲ, ತೊಡೆಯ ಮೇಲಿತ್ತು. ಅಷ್ಟೇ. ಅದನ್ನು ನೋಡಿ ಅವಳು ಬಟ್ಟಲನ್ನು ನೆಲದ ಮೇಲಿಟ್ಟು ಸ್ವಲ್ಪ ಹೊತ್ತು ಬಾಗಿಲಿಗೆ ಒರಗಿ ನಿಂತಳು. ಒಂದು ತಿಂಗಳಲ್ಲಿ ಅವನು ತಾನೇ ಉಣ್ಣತೊಡಗಿದ. ಇನ್ನಷ್ಟು ದಿನಕ್ಕೆ ಮಾತು ಬಂತು. ಮೊದಲ ಮಾತು ಅವಳ ಸಮವಸ್ತ್ರವನ್ನು ಕುರಿತದ್ದು.

"ನಿಮ್ಮ ಎಡಗಡೆ ತೋಳು ಎಳೀತಿದೆ, ಸಿಸ್ಟರ್. ಹೊಲಿದೋನು ಕಂಕುಳ ಹತ್ರ ಬಟ್ಟೆ ಕಮ್ಮಿ ಬಿಟ್ಟಿದ್ದಾನೆ."

"ಇಪ್ಪತ್ತು ವರ್ಷದಿಂದ ಎಳೀತಿದೆ ಕಣಪ್ಪ. ನನ್ನ ತೋಳೇ ಸರಿ ಇಲ್ಲ ಅಂದ್ಕೊಂಡಿದ್ದೆ."

ಅವನು ನಗಲು ಹೋದ. ಒಣಗಿದ ತುಟಿ ಒಡೆದು ರಕ್ತ ಬಂತು.

ವಾಸಿಯಾಗುತ್ತ ಬಂದಂತೆ ಅವನಿಗೆ ಎಲ್ಲವೂ ನೆನಪಾಗತೊಡಗಿತು. ರೋಗ ಇದ್ದಾಗ ಅವನ ಲೋಕದಲ್ಲಿ ಇಸ್ತ್ರಿಯವನು ಬದುಕಿದ್ದ, ಕದಿಯುತ್ತಲೂ ಇದ್ದ. ಈಗ ಇಸ್ತ್ರಿಯವನು ಸತ್ತ. ಮತ್ತೆ ಮತ್ತೆ, ದಿನಕ್ಕೊಂದು ಸಲ ಎನ್ನುವಂತೆ ಸತ್ತ. ದರ್ಜಿ ಗೋಡೆಯ ಕಡೆ ತಿರುಗಿ ಮಲಗಿ, "ಅವನಿಗೆ ಚಹಾಕ್ಕೆ ಸಕ್ಕರೆ ಜಾಸ್ತಿ ಬೇಕಿತ್ತು," ಎಂದು ಯಾರಿಗೋ ಹೇಳುವವನಂತೆ ಹೇಳುತ್ತಿದ್ದ. ಭೇಟಿಗೆ ಬಂದ ಅಕ್ಕನನ್ನು, "ಅವನ ಹೆಂಡತಿ ಸಿಗ್ತಾಳಾ?" ಎಂದು ಕೇಳಿದ.

"ಅದೇ ಬೀದೀಲಿದಾಳೆ. ನಾನು ಆ ಬೀದಿ ಬಿಟ್ಟು ಸುತ್ತಾಕೊಂಡು ಹೋಗ್ತೀನಿ," ಎಂದಳು ಅಕ್ಕ.

ಪುಟ್ಟ ಸಿಸ್ಟರನ್ನು ತಾನೇ ಹೊಡೆದದ್ದು ಎನ್ನುವುದೂ ಅವನಿಗೆ ನೆನಪಾಯಿತು. ಅವಳು ಎಲ್ಲಿದ್ದಾಳೆಂದು ಕೇಳಿದ. ಇದ್ದಾಳೆ, ಎಂದಳು ಹೆಡ್ ಸಿಸ್ಟರು, ಇದಕ್ಕಿಂತ ಹೆಚ್ಚು ಕೇಳಬೇಡ ಎನ್ನುವ ದನಿಯಲ್ಲಿ. ಅವನು ಕೇಳಲಿಲ್ಲ.

ಪುಟ್ಟ ಸಿಸ್ಟರೇ ಒಂದು ದಿನ ಬಂದಳು. ತೊಳೆದ ಹಾಸುಗಳ ಗಾಡಿಯನ್ನು ಸಾಮಾನ್ಯವಾಗಿ ಪೈಲ್ವಾನ ತಳ್ಳಿಕೊಂಡು ಬರುತ್ತಿದ್ದ. ಅಂದು ಅವಳೇ ತಳ್ಳಿಕೊಂಡು ಬಂದು, ದರ್ಜಿಯ ಕೋಣೆಯ ಬಾಗಿಲಲ್ಲಿದ್ದ ತಂತಿ ಬಲೆಯ ಕಿಂಡಿಗೆ ಬಲಗಣ್ಣು ಹಚ್ಚಿದಳು. ಒಳಗೆ ಅವನು ಮಂಚದ ಮೇಲೆ ಕೂತು ಹೊದಿಕೆಯನ್ನು ಮಡಿಸುತ್ತಿದ್ದ, ಅಂಚಿಗೆ ಅಂಚು ಕೂಡಿಸಿ, ಅಂಗೈಯಿಂದ ನೀವಿ ನೀವಿ. ಅವನು ತಲೆ ಎತ್ತಲಿಲ್ಲ. ಅವಳು ತುಂಬ ಹೊತ್ತು ನೋಡಿದಳು.

"ಇಷ್ಟು ಕುಳ್ಳನಾ ಅವನು?" ಎಂದಳು ಹಿಂದೆ ಸರಿದು. "ನನ್ನ ಕನಸಲ್ಲಿ ಬರೋನು ಬಾಗಿಲಿಗಿಂತ ಎತ್ತರ ಇರ್ತಾನೆ."

ಹೆಡ್ ಸಿಸ್ಟರು ಅವಳ ಭುಜದ ಮೇಲೆ ಕೈಯಿಡಲು ಹೋದಳು. ಅವಳು ಗಾಡಿ ತಿರುಗಿಸಿಕೊಂಡಳು. ಅದರ ಒಂದು ಚಕ್ರ ಕಿರುಗುಡುತ್ತಿತ್ತು; ಪಡಸಾಲೆಯ ತುದಿ ಮುಟ್ಟುವವರೆಗೂ ಕೇಳಿಸಿತು.

ಮಳೆಗಾಲ ಕಳೆಯುವ ಹೊತ್ತಿಗೆ ದೊಡ್ಡ ಡಾಕ್ಟರು ದರ್ಜಿಯನ್ನು ಪರೀಕ್ಷೆ ಮಾಡಿ ಮುಗಿಸಿದರು. ಅವನಿಗೆ ಇಂದು ಯಾವ ವಾರ, ತಾನು ಮಾಡಿದ್ದೇನು, ಕೋರ್ಟು ಎಂದರೇನು ಎನ್ನುವುದೆಲ್ಲ ಗೊತ್ತಿತ್ತು. ವಿಚಾರಣೆಗೆ ನಿಲ್ಲಬಲ್ಲವನು. ನಿಲ್ಲಬಲ್ಲವನೆಂದ ಮೇಲೆ ಅವನ ಜಾಗ ಜೈಲು. ಹೆಡ್ ಸಿಸ್ಟರು ಅವರ ಕೋಣೆಗೆ ಹೋಗಿ ಕೇಳಿಯೇ ಕೇಳಿದಳು.

"ಅಲ್ಲಿಗೆ ಹೋದ್ರೆ ಮತ್ತೆ ಅದೇ ಆಗುತ್ತೆ, ಸಾರ್. ವಿಚಾರಣೆ ಮುಗಿಯೋ ತನಕ ಇಲ್ಲೇ ಇರ್ಲಿ. ಒಂದು ಮೂಲೇಲಿ."

"ವಾಸಿಯಾದವನನ್ನ ಇಟ್ಕೊಂಡ್ರೆ ಕಾಯಿಲೆಯವನನ್ನ ಎಲ್ಲಿ ಮಲಗಿಸ್ಲಿ?" ಅವರು ಕಿಟಕಿಯ ಕಡೆ ಕೈ ತೋರಿಸಿದರು. ಅಂಗಳದ ಕಟ್ಟೆಯ ಮೇಲೆ ಒಬ್ಬ ತಂದೆ, ಬೇಡಿ ಹಾಕಿದ ಮಗನ ಪಕ್ಕ ಕೂತಿದ್ದ. ಮಗ ತನ್ನ ಅಂಗೈಯನ್ನೇ ದಿಟ್ಟಿಸಿ ಬೈಯುತ್ತಿದ್ದ. "ಆ ಹುಡುಗ ತನ್ನ ತಂಗೀನ ಬಾವಿಗೆ ನೂಕಿದ್ದಾನೆ. ಬೆಳಿಗ್ಗೆಯಿಂದ ಕಾಯ್ತಿದ್ದಾರೆ. ಅವರಪ್ಪನಿಗೆ ನೀವೇ ಹೋಗಿ ಹೇಳ್ತೀರಾ, ಇನ್ನೊಬ್ಬ ಹುಷಾರಾಗಿದ್ದಾನೆ, ಅದಕ್ಕೇ ನಿಮ್ಮವನಿಗೆ ಜಾಗ ಇಲ್ಲ ಅಂತ?"

ಅವಳು ಹೇಳಲಾರಳು. ಅದು ಅವರಿಗೂ ಗೊತ್ತಿತ್ತು.

"ಮಾತ್ರೆ ತಪ್ಪಿಸಬೇಡಿ ಅಂತ ಜೈಲಿಗೆ ಬರೀತೀನಿ," ಎಂದರು, ಮೆತ್ತಗೆ. "ಒತ್ತಿ ಬರೀತೀನಿ."

ಅದಾದ ವಾರದಲ್ಲಿ ಅವಳು ಅವನ ದಿಂಬಿನ ಗವುಸು ಬದಲಾಯಿಸುತ್ತಿದ್ದಳು. ಅವನು ಸ್ನಾನಕ್ಕೆ ಹೋಗಿದ್ದ. ದಿಂಬಿನ ಒಂದು ಮೂಲೆ ಬೆರಳಿಗೆ ಗಟ್ಟಿಯಾಗಿ ಹತ್ತಿತು. ಒತ್ತಿ ನೋಡಿದಳು. ಹತ್ತಿಯೊಳಗೆ ಸಣ್ಣ ಸಣ್ಣ ಕಾಳಿನಂಥವು. ಮೂಲೆಯ ಹೊಲಿಗೆಯನ್ನು ಬಿಚ್ಚಿ, ಮತ್ತೆ ಅದೇ ದಾರದಿಂದ ಗಂಟು ಹಾಕಲಾಗಿತ್ತು. ಅವಳು ಗಂಟು ಬಿಚ್ಚಿ ಅಂಗೈ ಮೇಲೆ ಸುರಿದುಕೊಂಡಳು. ನೆನೆದು ಒಣಗಿದ ಮಾತ್ರೆಗಳು, ಬಣ್ಣ ಬಿಟ್ಟು ಹತ್ತಿ ಮೆತ್ತಿಕೊಂಡವು.

ಅವನು ತಲೆ ಒರೆಸಿಕೊಳ್ಳುತ್ತ ಬಂದು, ಅವಳ ಕೈಯಲ್ಲಿದ್ದದ್ದನ್ನು ನೋಡಿ ನಿಂತ. ಸುಳ್ಳು ಹೇಳಲು ಹೋಗಲಿಲ್ಲ.

"ಹಲ್ಲಲ್ಲಿ ಬಿಚ್ಚಿದ್ದು," ಎಂದ. "ಸೂಜಿ ಇದ್ದಿದ್ರೆ ನಿಮಗೆ ಜನ್ಮದಲ್ಲಿ ಗೊತ್ತಾಗ್ತಿರಲಿಲ್ಲ."

"ಯಾಕಪ್ಪಾ?"

ಅವನು ಮಂಚದ ಅಂಚಿಗೆ ಕೂತ. "ಪೂರ್ತಿ ವಾಸಿಯಾದ್ರೆ ಅಲ್ಲಿಗೆ ಕಳಿಸ್ತೀರಿ. ಪೂರ್ತಿ ಕೆಟ್ಟರೆ ಯಾರಿಗಾದ್ರೂ ಏನಾದ್ರೂ ಮಾಡ್ತೀನಿ, ಆಗಲೂ ಅಲ್ಲಿಗೇ ಕಳಿಸ್ತೀರಿ. ಅದಕ್ಕೇ ಸ್ವಲ್ಪ ಉಳಿಸ್ಕೊಳ್ಳೋಣ ಅಂತ."

"ಏನನ್ನ?"

"ಹುಚ್ಚನ್ನ. ಜಾಸ್ತಿ ಬೇಡ. ಇಲ್ಲಿ ಇರೋದಕ್ಕೆ ಎಷ್ಟು ಬೇಕೋ ಅಷ್ಟು."

ಆ ಮಾತಿನಲ್ಲಿ ಹುಚ್ಚು ಎಳ್ಳಷ್ಟೂ ಇರಲಿಲ್ಲ. ಅದನ್ನೇ ಅವಳಿಗೆ ತಡೆಯಲಾಗಲಿಲ್ಲ. ಕುರ್ಚಿ ಎಳೆದುಕೊಂಡು ಅವನೆದುರು ಕೂತಳು.

"ಅದೇನು ಬಟ್ಟೇನಾ, ಅಳತೆ ಹಾಕಿ ಇಷ್ಟು ಬಿಡೋಣ, ಇಷ್ಟು ಮಡಚೋಣ ಅನ್ನೋಕೆ? ನಿಜ ಹೇಳು. ಮತ್ತೆ ಶುರು ಆಗಿದ್ಯಾ?"

ಅವನು ಟವೆಲನ್ನು ಮಡಿಸತೊಡಗಿದ. "ಕೆಂಡದ ವಾಸನೆ ಬರುತ್ತೆ. ಇಸ್ತ್ರಿಪೆಟ್ಟಿಗೇದು. ದೂರದಿಂದ. ಅದು ಬರೀ ವಾಸನೆ, ನಿಜ ಅಲ್ಲ ಅಂತ ನಂಗೆ ಗೊತ್ತು."

"ಇನ್ನು ಸ್ವಲ್ಪ ದಿನಕ್ಕೂ ಗೊತ್ತಿರುತ್ತಾ?"

ಹೊರಗೆ ಪಡಸಾಲೆಯಲ್ಲಿ ಎಳೆಯ ನರ್ಸು ಮಾತ್ರೆಗಳ ತಟ್ಟೆ ಹಿಡಿದು ಗುನುಗಿಕೊಂಡು ಹೋದಳು. ಈಗೀಗ ಅವಳಿಗೆ ಮತ್ತೆ ಗುನುಗುವ ಧೈರ್ಯ ಬಂದಿತ್ತು. ದರ್ಜಿ ಆ ಸದ್ದು ದೂರವಾಗುವವರೆಗೆ ತಲೆ ಬಗ್ಗಿಸಿ ಕೂತಿದ್ದ.

"ಆ ಹುಡುಗಿ ಹಾಡು," ಎಂದ. "ಮೊನ್ನೆ ಅದು ಒಂದು ಗಳಿಗೆ ನನ್ನ ದನಿ ಥರ ಕೇಳಿಸ್ತು. ನಂದನ್ನ ಅವಳು ತಗೊಂಡು ಹಾಡ್ತಿದ್ದಾಳೇನೋ ಅನ್ನೋ ಹಂಗೆ. ಆಮೇಲೆ ಸರಿಹೋಯ್ತು."

ಹೆಡ್ ಸಿಸ್ಟರಿಗೆ ಈಗಿಂದೀಗ ಎದ್ದು ಹೊರಹೋಗಿ ಬೀಗ ಹಾಕಬೇಕೆನ್ನಿಸಿತು. ಅದರ ಜೊತೆಗೇ, ಇದನ್ನು ಅವನು ತಾನಾಗಿ ಹೇಳಿದನಲ್ಲ, ಹೇಳದೆಯೂ ಇರಬಹುದಿತ್ತಲ್ಲ ಎಂದೂ ಅನ್ನಿಸಿತು. ಅವಳು ಎದ್ದು ಹೋಗಿ, ಅವನ ಪಾಲಿನ ಮಾತ್ರೆಗಳನ್ನೂ ನೀರನ್ನೂ ತಂದಳು.

"ನುಂಗು."

ಅವನು ಮಾತ್ರೆಗಳನ್ನು ನೋಡಿದ. "ನುಂಗಿದ್ರೆ ವಾಸಿಯಾಗ್ತೀನಿ."

"ಹೂಂ."

"ಆಮೇಲೆ?"

"ಅಲ್ಲೂ ಮಾತ್ರೆ ಕೊಡೋ ಹಂಗೆ ಮಾಡ್ತೀನಿ. ಜಮಾದಾರರ ಹತ್ರ ನಾನೇ ಮಾತಾಡ್ತೀನಿ."

"ಕೊಟ್ರೆ ಸಾಲದು, ಸಿಸ್ಟರ್. ಎದುರಿಗೆ ನಿಂತು ನುಂಗಿಸ್ಬೇಕು. ನನ್ನನ್ನ ನಂಬಬಾರದು. ನಾನೇ ನಂಬಲ್ಲ."

"ಹೇಳ್ತೀನಿ."

"ಆಣೆ?"

ಅವಳಿಗೆ ಜೈಲಿನ ಒಂದು ಬಾಗಿಲು ಕೂಡ ಗೊತ್ತಿರಲಿಲ್ಲ. ಅಲ್ಲಿ ಎಷ್ಟು ಜನರಿದ್ದಾರೆ, ಮಾತ್ರೆ ಯಾರ ಕೈಯಲ್ಲಿರುತ್ತದೆ, ಯಾರ ಮಾತು ನಡೆಯುತ್ತದೆ, ಒಂದೂ ಗೊತ್ತಿರಲಿಲ್ಲ. "ಆಣೆ," ಎಂದಳು.

ಅವನು ಮಾತ್ರೆಗಳನ್ನು ಬಾಯಿಗೆ ಹಾಕಿಕೊಂಡು ನೀರು ಕುಡಿದ. ಆಮೇಲೆ ಅವಳು ಕೇಳದೆಯೇ ಬಾಯಿ ದೊಡ್ಡದಾಗಿ ತೆರೆದು, ನಾಲಗೆ ಎತ್ತಿ, ಎಡಕ್ಕೂ ಬಲಕ್ಕೂ ತಿರುಗಿಸಿ ತೋರಿಸಿದ. ಅವಳು ಬಗ್ಗಿ, ಅವನ ಮುಖವನ್ನು ಬೆಳಕಿಗೆ ತಿರುಗಿಸಿ, ಬಿಡದೆ ನೋಡಿದಳು. ಅಂದಿನಿಂದ ಹೋಗುವ ದಿನದವರೆಗೆ ಹಾಗೆಯೇ ನಡೆಯಿತು. ಕೆಂಡದ ವಾಸನೆ ಹೋಯಿತು ಎಂದು ಅವನೇ ಒಂದು ದಿನ ಹೇಳಿದ.

ಕಳಿಸುವ ದಿನ ಅವನು ಒಗೆದ ಅಂಗಿ ತೊಟ್ಟು, ತಲೆ ಬಾಚಿಕೊಂಡು, ಕೆಲಸ ಕೇಳಲು ಹೊರಟವನಂತೆ ಮಂಚದ ಮೇಲೆ ಕೂತಿದ್ದ. ಬೇಡಿ ಹಾಕುವಾಗ ತಾನೇ ಕೈ ಮುಂದೆ ಮಾಡಿದ. ಹೆಡ್ ಸಿಸ್ಟರು ಜಮಾದಾರನನ್ನು ಪಕ್ಕಕ್ಕೆ ಕರೆದು ಎಲ್ಲ ವಿವರಿಸಿದಳು. ಯಾವುದು ಬೆಳಿಗ್ಗೆ, ಯಾವುದು ರಾತ್ರಿ, ನಾಲಗೆಯ ಅಡಿ, ಕೆನ್ನೆಯ ಸಂದು, ಎಲ್ಲ. ಜಮಾದಾರ ತಲೆಯಾಡಿಸುತ್ತ ಕೇಳಿದ.

"ನನ್ನ ಕೈಲಿದ್ದಿದ್ರೆ ನಿಂತು ನುಂಗಿಸ್ತಿದ್ದೆ, ಮೇಡಂ. ಔಷಧಿ ಕಂಪೌಂಡರ್ ಕೈಲಿರುತ್ತೆ. ಇಡೀ ಜೈಲಿಗೆ ಅವನೊಬ್ಬ. ಹೇಳ್ತೀನಿ ಅವನಿಗೆ. ಹೇಳದೆ ಇರಲ್ಲ."

ಆ ಮಧ್ಯಾಹ್ನವೇ, ಅಷ್ಟು ದಿನ ಜಾಗಕ್ಕೆ ಕಾದಿದ್ದ, ತಂಗಿಯನ್ನು ಬಾವಿಗೆ ನೂಕಿದ ಹುಡುಗ ಆ ಮಂಚಕ್ಕೆ ಬಂದ. ಅವನು ಕಚ್ಚುತ್ತಿದ್ದ. ಹೆಡ್ ಸಿಸ್ಟರಿಗೆ ಬೇರೆ ಯೋಚನೆಗೆ ಬಿಡುವಾಗಲಿಲ್ಲ.

ಎರಡು ತಿಂಗಳಿಗೋ ಏನೋ, ಅಕ್ಕ ವಾರ್ಡಿನ ಬಾಗಿಲಲ್ಲಿ ಕಾಣಿಸಿಕೊಂಡಳು. ನಾಳೆ ಜೈಲಿನಲ್ಲಿ ಭೇಟಿಯ ದಿನ, ಎಂದಳು. ಹೋದ ಸಲ ತಮ್ಮ ಚೆನ್ನಾಗಿಯೇ ಮಾತಾಡಿದ. ಆದರೆ ಮಾತಾಡುವಾಗ ನಡು ನಡುವೆ ಕೈ ಬಾಯಿಯ ಹತ್ತಿರ ಹೋಗುತ್ತಿತ್ತು. "ನೀವೊಂದ್ಸಲ ನೋಡಿದ್ರೆ ಗೊತ್ತಾಗುತ್ತೆ. ನನ್ನ ಮಾತು ಅಲ್ಲಿ ಯಾರು ಕೇಳ್ತಾರೆ?"

ಹೆಡ್ ಸಿಸ್ಟರು ರಜೆ ಹಾಕಿದಳು. ಗಂಡ ಎಲ್ಲಿಗೆ ಎಂದು ಕೇಳಿ, ಗೊತ್ತಾದ ಮೇಲೆ, ಯಾವ ಬಸ್ಸಿಗೆ ಹೋದರೆ ಬೇಗ ಎಂದಷ್ಟೇ ಹೇಳಿದ.

ಭೇಟಿಯ ಕೋಣೆ ಉದ್ದಕ್ಕೆ, ಕಿರಿದಾಗಿ ಇತ್ತು. ಒಂದು ಕಡೆ ಗೋಡೆಗೆ ಬೆಂಚುಗಳು, ಇನ್ನೊಂದು ಕಡೆ ದಪ್ಪ ಬಲೆ ಹಾಕಿದ ಕಿಟಕಿಗಳು. ಪ್ರತಿ ಕಿಟಕಿಯ ಮುಂದೂ ಜನ ಗಂಟಲು ಹರಿಯುವಂತೆ ಕೂಗಿ ಮಾತಾಡುತ್ತಿದ್ದರು. ಒಬ್ಬ ಮುದುಕಿ ಬಲೆಗೆ ಬೆರಳು ತೂರಿಸಿ ಆಚೆಯವನ ಕೆನ್ನೆ ಮುಟ್ಟಲು ನೋಡುತ್ತಿದ್ದಳು. ಬಾಗಿಲಲ್ಲಿದ್ದ ಕಾವಲಿನವನು ಅಕ್ಕನ ಚೀಲ ಬಿಚ್ಚಿ ನೋಡಿ, ಬಟ್ಟೆಯನ್ನು ಒಳಗೆ ಕಳಿಸಿ, ಕಿತ್ತಳೆ ಹಣ್ಣುಗಳನ್ನು ವಾಪಸ್ ಕೊಟ್ಟ.

"ಹಣ್ಣು ಬಿಡಲ್ಲ ಈಗ. ಅದರೊಳಗೆ ಏನೇನೋ ತುಂಬ್ಕೊಂಡು ತರ್ತಾರೆ."

ಅವರ ಸರದಿ ಬಂದು, ತಮ್ಮನ ಹೆಸರು ಕೂಗಿದರು. ಇಬ್ಬರೂ ಕಿಟಕಿಯ ಮುಂದೆ ನಿಂತರು. ಬಲೆಯಾಚೆ ಖಾಲಿ ನೆಲ, ಅದರಾಚೆ ಇನ್ನೊಂದು ಬಾಗಿಲು. ಪಕ್ಕದ ಕಿಟಕಿಯವರು ಮಾತು ಮುಗಿಸಿ ಹೋದರು, ಬೇರೆಯವರು ಬಂದರು. ಕಡೆಗೆ ಬಾಗಿಲು ತೆರೆಯಿತು. ಬಂದವನು ದರ್ಜಿಯಲ್ಲ, ಒಳಗಿನ ಕಾವಲಿನವನೊಬ್ಬ.

"ಬರಲ್ಲ ಅಂತಾನೆ."

"ಬರಲ್ಲ ಅಂತ ಹೇಳಿದ್ನಾ? ಬಾಯಿ ಬಿಟ್ಟು ಹೇಳಿದ್ನಾ?" ಎಂದಳು ಹೆಡ್ ಸಿಸ್ಟರು.

ಅವನು ಸ್ವಲ್ಪ ಯೋಚಿಸಿದ. "ಬಾಯಿ ಬಿಟ್ಟೇನೂ ಹೇಳಲಿಲ್ಲ. ಗೋಡೆ ಕಡೆ ತಿರುಗಿ ಕೂತಿದ್ದಾನೆ. ಕರೆದ್ರೆ ತಿರುಗಲ್ಲ."

"ನಾನು ಆಸ್ಪತ್ರೆಯಿಂದ ಬಂದಿದ್ದೀನಿ. ಅವನಿಗೆ ದಿನಾ ಮಾತ್ರೆ ಕೊಡ್ತಿದ್ದೀರಾ?"

"ಕೊಡ್ತೀವಿ."

"ನುಂಗ್ತಾನಾ?"

"ಕೊಡ್ತೀವಿ ಅಂದ್ನಲ್ಲ, ಮೇಡಂ."

"ನಾನೊಂದ್ಸಲ ಒಳಗೆ ಬಂದು ನೋಡಬಹುದಾ? ಒಂದೇ ನಿಮಿಷ. ದೂರದಿಂದ."

ಅವನು ಅವಳನ್ನು ಕನಿಕರದಿಂದಲೇ ನೋಡಿದ. ಹಾಗೆ ಕೇಳಿದವರು ಇವಳೇ ಮೊದಲನೆಯವಳಲ್ಲ ಎನ್ನುವ ಹಾಗಿತ್ತು ಆ ನೋಟ. ಆಗದೆಂದು ತಲೆಯಾಡಿಸಿ, ಬಾಗಿಲು ಎಳೆದುಕೊಂಡು ಹೋದ. ಹಿಂದಿದ್ದವರು ಪಕ್ಕಕ್ಕೆ ಸರಿಯಿರಿ ಎಂದರು. ಇಬ್ಬರೂ ಸರಿದರು.

ಬಸ್ಸಿಗೆ ಇನ್ನೂ ಹೊತ್ತಿತ್ತು. ಹೊರಗೆ ಬಿಸಿಲು ಜೋರಾಗಿದ್ದುದರಿಂದ ಕೋಣೆಯ ಕಡೆಯ ಬೆಂಚಿನ ಮೇಲೆ ಕೂತರು. ನಾಳೆ ದೊಡ್ಡ ಡಾಕ್ಟರಿಗೆ ಹೇಳುತ್ತೇನೆ ಎಂದಳು ಹೆಡ್ ಸಿಸ್ಟರು. ವಕೀಲರನ್ನು ಮತ್ತೆ ನೋಡಿ ಎಂದಳು. ಅಕ್ಕ ಹೂಂ ಹೂಂ ಎನ್ನುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಅವಳು ಚೀಲದಿಂದ ಒಂದು ಕಿತ್ತಳೆ ತೆಗೆದು, ಹೆಬ್ಬೆರಳಿನ ಉಗುರಿನಿಂದ ಮೇಲ್ಗಡೆ ಒತ್ತಿ, ಸಿಪ್ಪೆಯನ್ನು ತುಂಡಾಗದ ಹಾಗೆ ಸುತ್ತಲೂ ಬಿಡಿಸಿದಳು. ಸಿಪ್ಪೆಯನ್ನು ಚೀಲಕ್ಕೆ ಹಾಕಿಕೊಂಡಳು. ಹಣ್ಣನ್ನು ಎರಡಾಗಿ ಬಿಡಿಸಿ ಒಂದು ಪಾಲನ್ನು ಚಾಚಿದಳು.

"ತಗೊಳ್ಳಿ. ಸಿಹಿ ಇದೆ. ನೋಡಿ ಆರಿಸಿದ್ದು."

ಹೆಡ್ ಸಿಸ್ಟರು ತಗೊಂಡಳು. ಇಬ್ಬರೂ ಕಿಟಕಿಗಳ ಕಡೆ ನೋಡುತ್ತ ಒಂದೊಂದೇ ತೊಳೆ ತಿಂದರು. ಹಣ್ಣು ಸಿಹಿಯಾಗಿಯೇ ಇತ್ತು. ಬೀಜಗಳನ್ನು ಎಲ್ಲಿ ಹಾಕುವುದೆಂದು ತಿಳಿಯದೆ ಹೆಡ್ ಸಿಸ್ಟರು ಅಂಗೈಯಲ್ಲೇ ಹಿಡಿದುಕೊಂಡು ಕೂತಳು.